ಬಿಟ್ಟಿ ಬಾಗಿಲು

ಕಿಟಕಿಯ ಗಾಜು ಬೇಕು ಬೇಡ ಬೇಕು ಬೇಡ ಅನ್ನುತ್ತಿದೆ, ಅಲ್ಲ, ಬರೀ ಕಟಕಟ ಅನ್ನುತ್ತಿದೆ, ಉಳಿದದ್ದು ತನ್ನ ತಲೆಯೊಳಗಿನದು, ರಬ್ಬರು ಕಿತ್ತುಹೋದ ಬಸ್ಸಿನ ಗಾಜು, ಭದ್ರಾವತಿ ಬಿಟ್ಟಾಗಿನಿಂದ ಒಂದೇ ಸಮನೆ, ಒಂದು ಕಾಗದ ಮಡಿಸಿ ಸಂದಿಗೆ ತುರುಕಿದರೆ ಸುಮ್ಮನಾದೀತು ಎಂದು ಶಾಮಲಾ ಬ್ಯಾಗಿನೊಳಗೆ ಕೈ ಹಾಕಿದಳು, ಸಿಕ್ಕಿದ್ದು ಅದೇ ಕಾಗದ, ಹೆಬ್ಬಾಗಿಲು ಎಂಬ ಕಂಪ್ಯೂಟರ್ ಆಟವನ್ನು ಉಚಿತ ಮಾಡಬೇಕೆ, ಬೇಕು, ಬೇಡ, ಒಂದಕ್ಕೆ ಗುರುತು ಹಾಕಿ ಸೆಂಟರಿನ ಸೀಲು ಒತ್ತಿ — ಮತ್ತೆ ಒಳಗೇ ಇಟ್ಟಳು. ಹನ್ನೊಂದು ಸೈಬರ್ ಸೆಂಟರಿನವರಿಗೆ ಕಂಪನಿ ಇಂಥ ಕಾಗದ ಕೊಟ್ಟಿದೆ, ಹತ್ತು ವಾಪಸು ಹೋಗಿವೆ, ಐದು ಬೇಕು, ಐದು ಬೇಡ, ಉಳಿದದ್ದು ಶಿವಮೊಗ್ಗೆಯದು, ಅಂದರೆ ರವೀಂದ್ರನಗರದ ಆರು ಕಂಪ್ಯೂಟರಿನ ಅಂಗಡಿಯದು, ಅಂದರೆ ತನ್ನದು, ಏಳು ವರ್ಷದ ಹಿಂದಿನವರೆಗೂ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಶಾಮಲಾ ಟೀಚರದು. ಕಂಪನಿಯ ರೇಣುಕಾಪ್ರಸಾದ್ ನಾಲ್ಕಕ್ಕೇ ಬಂದು ಕೂತಿರುತ್ತಾನೆ, ಐದರೊಳಗೆ ಬೆಂಗಳೂರಿಗೆ ಫೋನ್ ಮಾಡಿ ಹೇಳಬೇಕು ಅವನು, ನಿಮ್ಮ ಕೈಲೇ ಇದೆ ಮೇಡಂ ಅಂದಿದ್ದ, ಕೈಯಲ್ಲಿ ಬಸ್ಸಿನ ಕಂಬಿ ಇದೆ, ಅಂಟಂಟು, ಯಾರೋ ಬಾಳೆಹಣ್ಣು ತಿಂದು ಹಿಡಿದದ್ದು, ಗಂಟೆ ಮೂರೂಕಾಲು, ಇನ್ನೂ ಜೇಡಿಕಟ್ಟೆ.

ಪಕ್ಕದಲ್ಲಿ ಕೂತ ಹೆಂಗಸು ಪುಷ್ಪಮ್ಮ ಅಂತ, ಹೆಸರು ಕೇಳುವ ಮೊದಲೇ ಹೇಳಿಕೊಂಡಳು, ಮಗಳ ಮನೆಗೆ ಹೊರಟಿದ್ದಾಳೆ, ತೊಡೆಯ ಮೇಲೆ ಹೊಳೆಯುವ ಸ್ಟೀಲ್ ಚೊಂಬು, ಎರಡು ಕಿಲೋ ಟೀ ಪುಡಿಗೆ ಇದು ಫ್ರೀ ಕಣ್ರೀ, ಪುಕ್ಕಟೆ ಬರ್ತಿತ್ತು ಅಂತ ತಗೊಂಡೆ, ನಮ್ಮನೇಲಿ ಟೀ ಕುಡಿಯೋರೇ ಇಲ್ಲ ಮಾರಾಯ್ತಿ, ಎಲ್ಲಾ ಕಾಫಿಯೋರು — ಎಂದು ತಾನೇ ನಕ್ಕಳು, ಶಾಮಲಾ ಕೂಡ ನಕ್ಕಳು, ನಗುವಾಗಲೇ ಮನಸ್ಸು ಬೇರೆಲ್ಲೋ, ಅಂಗಡಿ ತೆಗೆದ ಮೊದಲ ತಿಂಗಳು ತಾನೂ ಬೋರ್ಡು ಬರೆಸಿದ್ದಳಲ್ಲ, ಮೊದಲ ಅರ್ಧ ಗಂಟೆ ಉಚಿತ, ಜನವೋ ಜನ, ಹದಿನೈದನೇ ದಿನಕ್ಕೆ ನೋಡಿದರೆ ಆರು ಮೌಸಿನಲ್ಲಿ ನಾಲ್ಕರ ಹೊಟ್ಟೆಯೊಳಗಿನ ಉಂಡೆ ಮಾಯ, ಆ ರಬ್ಬರು ಉಂಡೆ ತೆಗೆದುಕೊಂಡು ಹೋಗಿ ಏನು ಮಾಡುತ್ತಾರೋ ದೇವರಿಗೇ ಗೊತ್ತು, ಬೋರ್ಡು ಇಳಿಸಿದ ಮೇಲೆ ಉಂಡೆ ಉಳಿದವು. ಹಾಗಂತ ಪುಕ್ಕಟೆ ಬಂದವರೆಲ್ಲ ಕಳ್ಳರಲ್ಲ, ಕಳ್ಳರು ಅನ್ನುವಷ್ಟು ಬುದ್ಧಿಗೆಟ್ಟವಳಲ್ಲ ತಾನು, ಪುಕ್ಕಟೆ ಬೇರೆ, ಬಿಟ್ಟಿ ಬೇರೆ, ಅವ್ವ ಮನೆಯಲ್ಲಿ ಬಿಟ್ಟಿ ಎಂಬ ಮಾತನ್ನು ಆಡಲು ಬಿಡುತ್ತಿರಲಿಲ್ಲ, ಅಂಗಡಿಯವನು ಒಂದು ಪೆಪ್ಪರ್‌ಮೆಂಟು ಬಿಟ್ಟಿ ಕೊಟ್ಟ ಅಂದದ್ದಕ್ಕೆ ತಲೆಗೆ ಮೊಟಕಿದ್ದಳು, ಯಾಕೆಂದರೆ ಅವ್ವನ ಅವ್ವ ಬಿಟ್ಟಿ ಹೋಗಿದ್ದವಳು, ಊರ ಪಟೇಲರ ಮನೆಯಲ್ಲಿ ಮದುವೆಯಾದರೆ ಕೇರಿಗೆ ಕರೆ ಬರುತ್ತಿತ್ತು, ಮೂರು ದಿನ ಪಾತ್ರೆ ತಿಕ್ಕಬೇಕು, ಕೂಲಿಯಿಲ್ಲ, ಉಂಡದ್ದೇ ಲಾಭ, ಬಿಟ್ಟಿ ಅಂದರೆ ಕೊಡದೆ ತಗೊಳ್ಳೋದು ಅಂದುಕೊಂಡಿದೀಯ, ತಗೊಳ್ಳದೆ ದುಡಿಯೋದು ಕಣೇ ಅದು, ಅವ್ವನ ಮೊಟಕು ಇವತ್ತಿಗೂ ನೆತ್ತಿಯ ಮೇಲೆ ಚುರ್ ಅನ್ನುತ್ತದೆ, ಗಾಜು ಕಟಕಟ.

ಸೀತಾ ಏನಂದಳು ಮೊನ್ನೆ, ಫ್ರೀ ಆದ್ರೆ ತಿಂಗಳು ಪೂರ್ತಿ ಇರ್ತೀನಿ ಅಕ್ಕ. ರಾಗಿಗುಡ್ಡದ ಸೀತಾ, ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುತ್ತಾಳೆ, ಬೆಳಗಿನ ಪಾಳಿ ಮುಗಿಸಿ ಮೂರೂವರೆಗೆ ಬಂದು ನಾಲ್ಕನೇ ಕಂಪ್ಯೂಟರಿನ ಮುಂದೆ ಕೂರುತ್ತಾಳೆ, ಒಂದು ಗಂಟೆ, ಬೆರಳ ತುದಿ ಔಷಧಿ ನೀರಿಗೆ ಬಿಳಿಚಿ ಸುಕ್ಕಾಗಿರುತ್ತದೆ, ಆ ಬೆರಳು ಕೀಬೋರ್ಡಿನ ಮೇಲೆ ಬಿದ್ದರೆ ಮಾತ್ರ ಬೇರೆಯೇ ಹುಡುಗಿ, ಕಂಪ್ಯೂಟರಿನೊಳಗಿನ ಆ ಕೋಟೆಯಲ್ಲಿ ಹನ್ನೊಂದು ಸೆಂಟರಿನ ಜನ ಒಟ್ಟಿಗೆ ಆಡುವಾಗ ಸೀತಾ ದೀಪದವಳು, ಹನ್ನೊಂದು ತಿಂಗಳು ಕಾಡು ಮೇಡು ಅಲೆದು ಎಣ್ಣೆ ಬತ್ತಿ ಕೂಡಿಸಿ ಸಂಪಾದಿಸಿದ ದೀಪ, ಅವಳು ಮುಂದೆ ನಡೆದರೆ ಮಾತ್ರ ಉಳಿದವರಿಗೆ ಗುಹೆಯ ದಾರಿ ಕಾಣುವುದು, ಗಾಂಧಿಬಜಾರಿನ ಮಲ್ಲಿಕ್, ಮೂರು ಅಂತಸ್ತಿನ ಬಟ್ಟೆ ಅಂಗಡಿಯವನು, ಅವನೂ ಸೀತಕ್ಕ ಸ್ವಲ್ಪ ತಡಿಯಕ್ಕ, ನನ್ನ ಬಿಟ್ಟು ಹೋಗ್ಬೇಡಕ್ಕ ಎಂದು ಹಿಂದೆ ಓಡಬೇಕು, ಅದನ್ನು ನೋಡಿದರೆ ಶಾಮಲಾಗೆ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಆಡಲು ಕಾರ್ಡು ಕೊಳ್ಳಬೇಕು, ಸೀತಾ ಕೊಳ್ಳುವುದು ಇಪ್ಪತ್ತು ದಿನದ್ದು, ತಿಂಗಳದ್ದು ಅವಳ ಕೈಗೆ ಎಟಕುವುದಿಲ್ಲ, ಕಾರ್ಡು ಮುಗಿದವರನ್ನು ಈ ಆಟ ಹೊರಗೆ ಕಳಿಸುವುದಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡುತ್ತದೆ, ಹೆಬ್ಬಾಗಿಲ ಹೊರಗೆ ಕಲ್ಲು ಮಾಡಿ ನಿಲ್ಲಿಸುತ್ತದೆ, ಏನು ಮಾಡುತ್ತಿದ್ದರೋ ಅದೇ ಭಂಗಿಯಲ್ಲಿ, ಬೂದು ಬಣ್ಣದ ಸೀತಾ ದೀಪ ಎತ್ತಿದ ಕೈ ಇಳಿಸದೆ ಒಂದನೇ ತಾರೀಕಿನವರೆಗೆ, ಹೋಗುವವರು ಬರುವವರು ನೋಡುತ್ತಾರೆ. ಕಾರ್ಡು ನಾನು ಹಾಕ್ತೀನಿ ಕಣೇ, ನನ್ನದೇ ಅಂಗಡಿ ಎಂದರೆ, ನಿಮ್ಮ ಕೈಯಿಂದ ಬೇಡ ಅಕ್ಕ, ಎಲ್ರಿಗೂ ಫ್ರೀ ಅಂದ್ರೆ ನಂಗೂ ಫ್ರೀ, ಅದ್ರಲ್ಲಿ ನಾಚಿಕೆ ಇಲ್ಲ, ನಂಗೊಬ್ಬಳಿಗೇ ಅಂದ್ರೆ ಇದೆ. ಈ ತಿಂಗಳ ಕಾರ್ಡು ಇವತ್ತೇ ಮುಗಿಯುತ್ತದೆ, ನಾಲ್ಕೂವರೆಗೆ.

ಮಾಚೇನಹಳ್ಳಿ, ಹಾಲಿನ ಲಾರಿ ಅಡ್ಡ ಬಂತು, ಬಸ್ಸು ಗಕ್ಕನೆ ನಿಂತು ಚೊಂಬು ಉರುಳಿತು, ಪುಷ್ಪಮ್ಮ ಬಗ್ಗಿ ಹುಡುಕಿ ಎತ್ತಿ ನೋಡಿ ಸೆರಗಿನಲ್ಲಿ ಒರೆಸಿದಳು, ನೆಗ್ಗಿತು ನೋಡ್ರಿ, ಹೋಗ್ಲಿ ಫ್ರೀದು. ಭದ್ರಾವತಿಗೆ ಹೋಗದಿದ್ದರೇ ಚೆನ್ನಾಗಿತ್ತು, ಗೋವಿಂದಯ್ಯನವರನ್ನು ಒಂದು ಮಾತು ಕೇಳಿಕೊಂಡು ಬರೋಣ ಎಂದು ಹೋದದ್ದು, ಕೇಳಿಕೊಂಡು ಬಂದದ್ದು ಈಗ ಎದೆಯ ಮೇಲೆ ಕೂತಿದೆ. ಗೋವಿಂದಯ್ಯ ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ವಾಚ್‌ಮನ್ ಆಗಿದ್ದವರು, ಸ್ವಯಂನಿವೃತ್ತಿ ತಗೊಂಡು ಪಿಎಫ್ ಕಾಗದ ತೆಗೆಸಲು ನ್ಯೂಟೌನಿನ ಸೈಬರಿಗೆ ಹೋದಾಗ ಯಾರದೋ ಪರದೆಯ ಮೇಲೆ ಕೋಟೆ ಬಾಗಿಲು ಕಂಡು, ಅಷ್ಟು ದೊಡ್ಡ ಗೇಟಿಗೆ ವಾಚ್‌ಮನ್ ಯಾರಪ್ಪ ಎಂದು ಕೇಳಿದರಂತೆ, ಯಾರೂ ಇಲ್ಲ ತಾತ ಅಂದರಂತೆ, ಛೆ ಎಂದು ಕೂತವರು ಎರಡು ವರ್ಷದಿಂದ ಎದ್ದಿಲ್ಲ, ಒಂದೇ ಬೆರಳಲ್ಲಿ ಒತ್ತಿ ಒತ್ತಿ ಆಡುತ್ತಾರೆ, ಯುದ್ಧಕ್ಕೆ ಬರುವುದಿಲ್ಲ, ಗುಹೆಗೆ ಬರುವುದಿಲ್ಲ, ನಾಲ್ಕರಿಂದ ಆರು ಡ್ಯೂಟಿ, ಬಂದವರನ್ನೆಲ್ಲ ಪಾಸ್ ಎಲ್ಲಿ ಎಂದು ಕೇಳುತ್ತಾರೆ, ಜನ ನಗುತ್ತಾರೆ, ಮಲ್ಲಿಕ್ ಒಮ್ಮೆ ನಿಜವಾಗಿಯೂ ಬಸ್ ಪಾಸಿನ ನಂಬರ್ ಒತ್ತಿ ಕಳಿಸಿದ್ದ. ಸೀತಾ ಕಲ್ಲಾದ ಹತ್ತು ದಿನ ಮಾತ್ರ ಗೋವಿಂದಯ್ಯ ಯಾರನ್ನೂ ಏನೂ ಕೇಳುವುದಿಲ್ಲ, ಆ ಕಲ್ಲಿನ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತಿರುತ್ತಾರೆ, ಕೋಟೆಯ ಸುತ್ತ ರಾತ್ರಿ ಬರುವ ನರಿಗಳು ಕಲ್ಲನ್ನು ಕಡಿಯುವುದಿಲ್ಲ ತಾತ, ಆಟದಲ್ಲಿ ಹಾಗಿಲ್ಲ ಎಂದು ಎಷ್ಟು ಹೇಳಿದರೂ.

ಯಾಕೆ ಎಂದು ಇವತ್ತು ಹೇಳಿದರು. ಜಗಲಿಯ ಮೇಲೆ ಕೂತು, ಕೋಡುಬಳೆ ತಟ್ಟೆ ಮುಂದೆ ತಳ್ಳಿ, ತಿನ್ನಮ್ಮ ಮೊದಲು ಎಂದು. ಒಂದು ದಿನ ಹನ್ನೆರಡು ಗಂಟೆ ಬಿಸಿಲಲ್ಲಿ ಗೇಟಿಗೆ ಒಬ್ಬ ಹೆಂಗಸು ಬಂದಳಂತೆ, ಕರಿಬಸಮ್ಮ ಅಂತ, ಗಂಡ ಒಳಗೆ ಗುತ್ತಿಗೆ ಕೆಲಸದಲ್ಲಿದ್ದ, ಮಾವನಿಗೆ ಉಸಿರು ಹೋಗ್ತಿದೆ, ನಮ್ಮೆಜಮಾನ್ರನ್ನ ಕರೀಬೇಕು, ಒಳಗೆ ಬಿಡಿ. ಪಾಸ್ ಇಲ್ಲದೆ ಬಿಡುವ ಹಾಗಿರಲಿಲ್ಲ, ಗುತ್ತಿಗೆಯವರನ್ನು ಪಾಳಿಯ ನಡುವೆ ಕರೆಸುವ ಹಾಗೂ ಇರಲಿಲ್ಲ, ನಾನು ಒಂದು ಫೋನ್ ತಿರುಗಿಸಬಹುದಿತ್ತು, ತಿರುಗಿಸಲಿಲ್ಲಮ್ಮ, ಸಾಹೇಬರು ಬೈತಾರೆ ಅಂತ. ಅವಳು ಊಟದ ಕ್ಯಾರಿಯರ್ ಮೇಲೆ ಎತ್ತಿ ಹಿಡಿದು ತೋರಿಸಿದಳು, ಊಟ ಕೊಡೋ ನೆವದಲ್ಲಾದ್ರೂ ಬಿಡಿ ಅಂತ. ಎರಡು ಗಂಟೆ ಸೈರನ್ ಆಗೋವರೆಗೆ ಗೇಟಿನ ಕಂಬಿಯ ಆಚೆ ನಿಂತೇ ಇದ್ದಳು. ಗಂಡ ಹೆಂಡತಿ ಮನೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಇಷ್ಟು ಹೇಳಿ ಗೋವಿಂದಯ್ಯ ಕೋಡುಬಳೆ ಒಂದನ್ನು ಮುರಿದು ಮುರಿದು ಪುಡಿ ಮಾಡಿದರು, ಬಾಯಿಗೆ ಹಾಕಲಿಲ್ಲ, ಆಮೇಲೆ ಕೇಳಿದರು,

— ಬಾಗ್ಲು ತೆಗೀತಾರಂತಲ್ಲಮ್ಮ? ನೀನು ಬೇಕು ಅಂತ ಬರೀ. ಒಂದ್ ಸಲ ಅದು ತೆರ್ಕೊಂಡಿದ್ದು ನೋಡ್ಬಿಡ್ತೀನಿ.

ಬಾಗಿಲು ತೆಗೆಯುವುದು ಅಂದುಕೊಂಡಿದ್ದಾರೆ ಮುದುಕರು, ಸೀತಾ ಕೂಡ ಹಾಗೇ ಅಂದುಕೊಂಡಿದ್ದಾಳೆ, ಅಲ್ಲ ತಾತ ಎಂಬುದು ಬಾಯಿಯವರೆಗೆ ಬಂತು, ಪುಡಿಯಾದ ಕೋಡುಬಳೆ ನೋಡಿ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು, ಈಗ ಬಸ್ಸಿನಲ್ಲಿ ಕೂತು ಹೇಳುತ್ತಿದ್ದಾಳೆ, ಗಾಜಿಗೆ ಹೇಳುತ್ತಿದ್ದಾಳೆ, ತಾತ, ರೇಣುಕಾಪ್ರಸಾದ್ ಒಂದು ಪಟ್ಟಿ ತೋರಿಸಿದ, ಆಟ ಫ್ರೀ ಆದರೆ ಒಳಗೆ ಅಂಗಡಿ ತೆಗೀತಾರೆ, ಕತ್ತಿ ಕುದುರೆ ಕವಚ ಎಲ್ಲ ದುಡ್ಡಿಗೆ, ಎರಡನೇ ಪುಟದಲ್ಲಿ ಹದಿನಾರನೇ ಸಾಲು, ಗುಹೆಯ ದೀಪ. ಸೀತಾಗೆ ಹೇಳಿದ್ದಳು, ದೀಪ ಮಾರ್ತಾರಂತೆ ಕಣೇ, ಮಾರ್ಲಿ ಬಿಡಿ ಅಕ್ಕ, ನಂದು ನನ್ನ ಹತ್ರನೇ ಇರುತ್ತಲ್ಲ, ಎಂದು ನಕ್ಕಳು ಹುಡುಗಿ, ಎಲ್ಲರ ಕೈಯಲ್ಲೂ ದೀಪವಿದ್ದಾಗ ಅವಳ ಹಿಂದೆ ಯಾರು ನಡೆಯುತ್ತಾರೆ ಎಂದು ಹೊಳೆಯಲಿಲ್ಲ ಅವಳಿಗೆ. ದುಡ್ಡಿಲ್ಲದವರು ಏನು ಮಾಡ್ಬೇಕಪ್ಪ ಒಳಗೆ ಎಂದು ಕೇಳಿದ್ದಕ್ಕೆ ರೇಣುಕಾಪ್ರಸಾದ್, ಕೆಟ್ಟ ಹುಡುಗನೇನಲ್ಲ, ಬಿಸಿಲಲ್ಲಿ ಬೈಕಿನ ಮೇಲೆ ಊರೂರು ತಿರುಗುವವನು, ಟೀ ಆರಿಸುತ್ತಾ ಸಹಜವಾಗಿ ಅಂದ, ಅವರೂ ಬೇಕು ಮೇಡಂ, ಅವರೇ ಮುಖ್ಯ, ದುಡ್ಡು ಕೊಟ್ಟು ಕತ್ತಿ ತಗೊಂಡೋನು ಯಾರ್ ಮೇಲೆ ಬೀಸ್ಬೇಕು ಹೇಳಿ. ಬಿಟ್ಟಿ. ಅವ್ವನ ಮೊಟಕು. ಮದುವೆ ಪಟೇಲರದು, ಪಾತ್ರೆ ತಿಕ್ಕುವವರಿಗೆ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು, ಹಿತ್ತಲ ಬಾಗಿಲು.

ಹಾಗಾದರೆ ಬೇಡ ಅನ್ನು, ಅಷ್ಟೇ ತಾನೆ, ಅಷ್ಟೇ ಅಲ್ಲ, ಬೇಡ ಅಂದರೆ ಕಾರ್ಡು ಮಾರುವವಳು ನೀನೇ, ಒಂದೊಂದು ಕಾರ್ಡಿಗೂ ನಿನಗೆ ಕಮಿಷನ್ನು, ಅದಕ್ಕೇ ಬೇಡ ಅಂದಳು ಎನ್ನುತ್ತಾರೆ, ಎನ್ನಲಿ, ಬೇಕು ಅಂದರೆ ಆರು ಕಂಪ್ಯೂಟರಿನ ಮುಂದೆ ಸಾಲು ನಿಲ್ಲುತ್ತದೆ, ಅದರಲ್ಲೂ ನಿನಗೇ ಲಾಭ, ಎರಡು ಕಡೆಯೂ ಗಂಟು ಬಿದ್ದಿರುವಾಗ ಯಾವುದು ನ್ಯಾಯ ಯಾವುದು ಆಸೆ ಎಂದು ಹೇಗೆ ಬಿಡಿಸುವುದು, ಬಿಡಿಸುವುದಕ್ಕೆ ನೀನು ಯಾರು, ಸೀತಾ, ತಾತ ಇಬ್ಬರೂ ಬೇಕು ಅಂದಿದ್ದಾರೆ, ಬಾಯಿಬಿಟ್ಟು ಅಂದಿದ್ದಾರೆ, ಅವರಿಗಿಂತ ನಿನಗೆ ಹೆಚ್ಚು ಗೊತ್ತು ಅಂತ ಬೇಡ ಅನ್ನುವುದು, ಅದೂ ಒಂದು ಗೇಟೇ ಅಲ್ಲವಾ, ಗೋವಿಂದಯ್ಯನವರಿಗೂ ಅವತ್ತು ನಿಯಮ ಹೆಚ್ಚು ಗೊತ್ತಿತ್ತು — ಮಲವಗೊಪ್ಪ, ವಿದ್ಯಾನಗರ, ಹೊಳೆ ಬಂತು, ತುಂಗೆಯಲ್ಲಿ ನೀರು ಕಮ್ಮಿ, ಬಂಡೆಗಳೆಲ್ಲ ಎದ್ದು ಕೂತಿವೆ, ಒಂದು ಬಂಡೆ ಕೈ ಎತ್ತಿದ ಹಾಗೇ ಇದೆ, ಇಲ್ಲ, ಅದು ಕೊಕ್ಕರೆ, ಹಾರಿತು. ಇಳಿಯುವಾಗ ಪುಷ್ಪಮ್ಮ, ಏನೋ ಯೋಚ್ನೇಲಿದೀರಿ, ಮಗಳಿಗೆ ಗಂಡು ನೋಡ್ಕೊಂಡು ಬಂದ್ರಾ ಎಂದಳು, ಹೌದು ಎಂದುಬಿಟ್ಟಳು ಶಾಮಲಾ, ಹಾಗೆಂದರೆ ಸುಲಭ, ಒಪ್ಪಿದ್ರಾ ಎಂದು ಕೇಳುವ ಮೊದಲು ಆಟೋ ಸಿಕ್ಕಿತು.

ರೇಣುಕಾಪ್ರಸಾದ್ ಸ್ಟೂಲಿನ ಮೇಲೆ ಕೂತು ಹೆಲ್ಮೆಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾನೆ, ನಾಲ್ಕು ಹದಿನೈದು, ಸೀತಾ ನಾಲ್ಕನೇ ಕಂಪ್ಯೂಟರಿನಲ್ಲಿ, ಬೆನ್ನು ಮಾತ್ರ ಕಾಣುತ್ತದೆ, ಜಡೆಯ ತುದಿ ಕುರ್ಚಿಯ ಹಿಂದೆ ಅಲ್ಲಾಡುತ್ತಿದೆ, ಏನೋ ಗೆಲ್ಲುತ್ತಿದ್ದಾಳೆ. ಶಾಮಲಾ ಕಾಗದ ಬಿಡಿಸಿದಳು, ಇದರಲ್ಲಿ ಇನ್ನೊಂದು ಬರೀಬಹುದೇನಪ್ಪ, ಕಾರ್ಡು ಇರ್ಲಿ, ಅಂಗಡಿ ಬೇಡ, ಕಾರ್ಡು ಮುಗಿದೋರನ್ನ ಕಲ್ಲು ಮಾಡ್ಬೇಡಿ, ಬಾಗಿಲವರೆಗಾದ್ರೂ ಬಂದು ಮಾತಾಡಿಕೊಂಡು ಹೋಗ್ಲಿ ಅಂತ. ಅವನು ಕಾಗದವನ್ನು ತಿರುಗಿಸಿ ನೋಡಿದ, ಹಿಂದೆಯೂ ನೋಡಿದ, ಪಾಪ.

— ಅದಕ್ಕೆ ಕಾಲಂ ಇಲ್ಲ ಮೇಡಂ.

ಪೆನ್ನು ಅವನದೇ, ಬಿಸಿಲಲ್ಲಿ ಜೇಬಿನಲ್ಲಿದ್ದು ಬೆಚ್ಚಗಾಗಿದೆ, ಗಾಜು ಇಲ್ಲಿಲ್ಲ, ಆದರೂ ಬೇಕು ಬೇಡ ಬೇಕು ಬೇಡ, ಪಾತ್ರೆ ತಿಕ್ಕುವ ಅವ್ವನ ಅವ್ವ, ಹದಿನಾರನೇ ಸಾಲು, ಸೀತಕ್ಕ ತಡಿಯಕ್ಕ, ಬೇಡ, ಗುರುತು ಹಾಕಿದಳು, ಸೀಲು ಒತ್ತಿದಳು, ಸೀಲಿನ ಮಸಿ ಬೆರಳಿಗೂ ಹತ್ತಿತು, ಅವನು ಸರಿ ಮೇಡಂ ಎಂದು ಮಡಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹೊರಗೆ ಹೋಗಿ ಫೋನ್ ಒತ್ತುತ್ತಿದ್ದಾನೆ. ನಾಲ್ಕು ಇಪ್ಪತ್ತೊಂಬತ್ತು. ಸೀತಾ ಗುಹೆಯಿಂದ ಎಲ್ಲರನ್ನೂ ಹೊರಗೆ ತಂದು, ಹೆಬ್ಬಾಗಿಲ ಮುಂದೆ ನಿಂತು, ಹೋಗಿ ಬರ್ತೀನಿ ಎನ್ನುವಂತೆ ದೀಪ ಎತ್ತಿದಳು, ಪರದೆಯ ಮೇಲೆ ಬಣ್ಣ ಕಾಲಿನಿಂದ ಮೇಲಕ್ಕೆ ಆರುತ್ತಾ ಬಂತು, ಸೀರೆ, ಸೊಂಟ, ಭುಜ, ಕೈ. ಕುರ್ಚಿ ಹಿಂದಕ್ಕೆ ತಳ್ಳಿ ಸೀತಾ ಎದ್ದಳು, ಟಿಫಿನ್ ಬ್ಯಾಗು ಹೆಗಲಿಗೆ ಹಾಕಿದಳು, ಬರ್ತೀನಿ ಅಕ್ಕ, ಮುಂದಿನ ತಿಂಗಳಿಂದ ಹಿಂಗೆ ನಿಲ್ಲೋ ಹಾಗಿಲ್ಲ ಅಲ್ವಾ, ಎಂದು ನಕ್ಕು, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದಳು, ಕೂಗಿ ಕರೆಯಬೇಕು, ಕರೆದು ಹೇಳಬೇಕು, ಹದಿನಾರನೇ ಸಾಲಿನಿಂದ ಶುರು ಮಾಡಬೇಕೋ ಅವ್ವನಿಂದಲೋ, ಚಪ್ಪಲಿಯ ಸದ್ದು ಬೀದಿಗೆ ಸೇರಿಹೋಯಿತು, ನಾಳೆ ಹೇಳಿದರಾಯಿತು, ನಾಳೆ ಅವಳು ಬರುವುದಿಲ್ಲ, ಇನ್ನು ಬರುವುದು ಒಂದನೇ ತಾರೀಕಿಗೆ. ಪರದೆ ಆರಿಸಲು ಬಗ್ಗಿದಾಗ ಅದರೊಳಗೆ ದೂರದಿಂದ ಯಾರೋ ಬರುತ್ತಿದ್ದಾರೆ, ನಿಧಾನ, ಎರಡು ಹೆಜ್ಜೆ, ನಿಂತು, ಎರಡು ಹೆಜ್ಜೆ, ಒಂದೇ ಬೆರಳಿನ ನಡಿಗೆ, ಬಂದು ಕಲ್ಲಿನ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತು ಹೆಬ್ಬಾಗಿಲ ಕಡೆ ಮುಖ ಮಾಡಿದರು, ಮೇಲೆ ಒಂದೊಂದೇ ಅಕ್ಷರ ಮೂಡಿತು, ಎಷ್ಟು ಹೊತ್ತಿಗೆ ತೆಗೀತಾರಮ್ಮ. ಶಾಮಲಾಳ ಬೆರಳು ಕೀಲಿಗಳ ಮೇಲೆ ಹೋಯಿತು, ಮಸಿ ಹತ್ತಿದ ಬೆರಳು, ಕಲ್ಲಾದವರ ಮಾತು ಆಚೆ ಹೋಗುವುದಿಲ್ಲ ಎಂಬುದು ಮರೆತು ತಾತ ಎಂದು ಒತ್ತಿತು, ಅಲ್ಲಿಗೆ ನಿಂತಿತು, ಮುಚ್ಚಿದ ಬಾಗಿಲು, ಕೂತ ಮುದುಕರು, ಅವರ ತಲೆಯ ಮೇಲೆ ಎತ್ತಿ ಹಿಡಿದ ಕೈ, ದೀಪವೋ ಕ್ಯಾರಿಯರೋ, ಬೂದು ಬಣ್ಣದಲ್ಲಿ ಗೊತ್ತಾಗುವುದಿಲ್ಲ, ಎತ್ತಿ ಹಿಡಿದ ಕೈ