ಬೋಳು ತಾಕು

ಮೌಲಾಸಾಬ ಹಾರೆಯನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕೆ ಬಿಟ್ಟ. ಟಣ್ ಎಂದು ಸಪ್ಪಳ ಮಾಡಿ ಅದು ಪುಟಿದು ನಿಂತಿತು.

"ಇಲ್ಲೂ ಅಲ್ಲ," ಎಂದು ಮುಖ ಒರೆಸಿಕೊಂಡ. "ಕಾಶವ್ವಾ, ಗುರುತಿಲ್ದ ನನಗ ಜಾಗ ತಿಳೀವಲ್ದು, ನೀ ನೆನಪ ಮಾಡಿಕೊ ನೋಡವಾ. ನಿಮ್ಮವ್ವನ್ನ ಮಣ್ಣ ಮಾಡಿದಾಗ ನೀ ತಿಳುವಳಿಕಿ ಇದ್ದಾಕಿನ ಇದ್ದಿ."

"ಇಲ್ಲೇ ಎಲ್ಲ್ಯೋ ಕಾಕಾ. ಬೇವಿನ ಗಿಡದ ನೆರಳು ಬೀಳತಿತ್ತು. ಆ ಗಿಡಾನೂ ಸರ್ಕಾರದವರು ಕಡಿಸಿ ಹಾಕ್ಯಾರ."

ಹಾರೆ ಪ್ರತಿ ಸಲ ಮೇಲೇರಿದಾಗಲೂ ಕಾಶವ್ವ ಕಣ್ಣು ಮುಚ್ಚುತ್ತಿದ್ದಳು. ಅದು ಅವ್ವನಿಗೇ ತಾಗಿಬಿಟ್ಟರೆ? ಖಾನಾಪುರದ ಹೊರಗೆ, ಮಲಪ್ರಭೆಯ ಕಡೆಗೆ ಇಳಿಯುವ ಈ ಇಳಿಜಾರಿನ ಬೋಳು ತುಂಡಿನಲ್ಲಿ ಗುರುತಿಗೆ ಒಂದು ಕಲ್ಲಿಲ್ಲ, ಒಂದು ಗಿಡವಿಲ್ಲ, ಹುಲ್ಲಿನ ಎಸಳೂ ಇಲ್ಲ. ಸುತ್ತ ತಂತಿಬೇಲಿ. ಬೇಲಿಗೆ ಒಂದು ಫಲಕ: ಸರ್ಕಾರಿ ಸಂಶೋಧನಾ ಕ್ಷೇತ್ರ, ಒಳಗೆ ಅಗೆಯಬಾರದು.

ಅಪ್ಪ ಗುರುಪುತ್ರಪ್ಪ ಮನೆಯ ಪಡಸಾಲೆಯಲ್ಲಿ ಗೋಡೆಗೆ ಆತು ಕುಳಿತಿದ್ದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಮಾಲೆ. ನಸುಕಿನಲ್ಲೇ ಅವನನ್ನು ಬೆಳಗಾವಿಯ ನೆಹರು ನಗರದ ದವಾಖಾನೆಯಿಂದ ಟೆಂಪೋದಲ್ಲಿ ತಂದಿದ್ದರು. ಸಾಯುವ ಮುಂಚೆ ಅವನು ಮಗಳ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಆಕಿ ಬಾಜುಕ ನನ್ನ ಕುಂದರಸ್ರಿ. ಮಳಿ ಹತ್ತೂದರೊಳಗ." ಆಕೆ ಎಲ್ಲಿದ್ದಾಳೆ ಎಂಬುದನ್ನು ಮಾತ್ರ ಹೇಳದೆ ಹೋಗಿಬಿಟ್ಟ.

ತಮ್ಮ ಬಾಳಪ್ಪ ಬೇಲಿಯ ಬಾಗಿಲಲ್ಲಿ ನಿಂತು ಬೆಳಗಾವಿ ರಸ್ತೆಯನ್ನೇ ನೋಡುತ್ತಿದ್ದ.

"ಅಕ್ಕಾ, ಜೀಪ ಬಂತಂದ್ರ ನನ್ನ ಕತಿ ಮುಗೀತು. ಅಪ್ಪನ ಕಾವಲಿ ನೌಕರಿ ನನಗ ಕೊಡತೇನಿ ಅಂದಾರ ಸಾಹೇಬರು. ಸುಮ್ಮನ ಹಳ್ಳದ ದಂಡ್ಯಾಗ ಮಾಡೂಣು."

"ಹಳ್ಳದ ದಂಡ್ಯಾಗ ನೀ ಹೋಗಿ ಕುಂದರ. ಅಪ್ಪನ್ನ ಅಲ್ಲೆ ಕುಂದರಸಾಕ ನಾ ಒಲ್ಲೆ," ಎಂದಳು ಕಾಶವ್ವ. ಹಾಗೆಂದಳೇ ಹೊರತು ಅವಳ ಕಣ್ಣೂ ರಸ್ತೆಯ ಕಡೆಗೇ ಹೊರಳಿತು.

*

ಎಪ್ಪತ್ತನಾಲ್ಕರಲ್ಲಿ ಸಾಹೇಬರು ಮೊದಲ ಸಲ ಜೀಪಿನಲ್ಲಿ ಬಂದಿದ್ದರು. ಆಗಿನ್ನೂ ತಲೆ ತುಂಬ ಕೂದಲಿದ್ದ ಹುಡುಗ ಸಾಹೇಬರು.

"ಘಟ್ಟದ ಕಾಡು ಕಡೀಲಿಕ್ಕತ್ಯಾರ. ಅದರಿಂದ ಮಳಿ ಬದಲಾಗತದೇನು, ಮಣ್ಣು ಎಷ್ಟು ಕೊಚ್ಚಿ ಹೋಗತದ, ಇದನ್ನ ನೋಡಲಿಕ್ಕೆ ಸರ್ಕಾರ ಅನುದಾನ ಕೊಟ್ಟದ. ನಮಗ ಇಂಥಾದ ಇಳಿಜಾರು ಬೇಕು," ಎಂದರು.

ಇಳಿಜಾರನ್ನು ಮೂರು ತಾಕು ಮಾಡುವುದು. ಒಂದರಲ್ಲಿ ಗಿಡ, ಒಂದರಲ್ಲಿ ರಾಗಿ, ಮೂರನೆಯದು ಬೋಳು. ಪ್ರತಿ ತಾಕಿನ ಕೆಳಗೊಂದು ಸಿಮೆಂಟಿನ ತೊಟ್ಟಿ. ಮಳೆಯ ನೀರಿನೊಂದಿಗೆ ಹರಿದು ಬಂದ ಮಣ್ಣು ಅದರಲ್ಲಿ ನಿಲ್ಲಬೇಕು, ಸಾಹೇಬರು ಬಂದು ಅಳೆಯಬೇಕು. ಹೊಲಕ್ಕೆ ಬಾಡಿಗೆ ಸಿಗುತ್ತದೆ, ಹೊಲದವನಿಗೆ ಕಾವಲಿನ ನೌಕರಿಯೂ ಸಿಗುತ್ತದೆ.

ಬೋಳು ತಾಕಿಗೆಂದು ಸಾಹೇಬರು ರಸ್ತೆಯಿಂದಲೇ ಕೈ ತೋರಿಸಿದ ಜಾಗದಲ್ಲೇ ಗುರುಪುತ್ರಪ್ಪನ ಹೆಂಡತಿ ಬಸವಣ್ಣೆವ್ವ ಇದ್ದಳು. ಆಕೆಯನ್ನು ಅಲ್ಲಿ ಕೂರಿಸಿ ಎರಡು ಮಳೆಗಾಲವಾಗಿತ್ತು, ಮೇಲೊಂದು ಗದ್ದುಗೆಯ ಕಲ್ಲಿತ್ತು. ಸಮಾಧಿ ಇದೆಯೆಂದು ತಿಳಿದರೆ ಜೀಪು ಇನ್ನೊಬ್ಬನ ಹೊಲಕ್ಕೆ ತಿರುಗುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು. ಸಾಹೇಬರು ಮತ್ತೆ ಬರುವ ಮುಂಜಾನೆ ಗುರುಪುತ್ರಪ್ಪ ಆ ಕಲ್ಲನ್ನು ಎತ್ತಿ ತಂದು ದನದ ಕೊಟ್ಟಿಗೆಯಲ್ಲಿ ಇಟ್ಟ. ಕೇಳಿದರೆ ಹೇಳಿದರಾಯಿತು ಎಂದುಕೊಂಡ. ಯಾರೂ ಕೇಳಲಿಲ್ಲ.

ನೌಕರಿ ಸಿಕ್ಕಿತು. ಮಗಳನ್ನು ಬೆಳಗಾವಿಯ ವಡಗಾವಿಗೆ, ನೇಕಾರಿಕೆಯ ಮನೆಗೆ ಕೊಟ್ಟದ್ದೂ ಅದೇ ಸಂಬಳದ ಧೈರ್ಯದ ಮೇಲೆ. ರೈತನಾಗಿ ಹುಟ್ಟಿದವನು ದಿನಾ ಎದ್ದು ತನ್ನ ಹೊಲದಲ್ಲಿ ಏನೂ ಬೆಳೆಯದಂತೆ ಕಾಯತೊಡಗಿದ. ಹೆಂಡತಿಯ ತಲೆಯ ಮೇಲೆ ಹುಟ್ಟಿದ ಗರಿಕೆಯನ್ನೂ ತನ್ನ ಕೈಯಾರೆ ಕಿತ್ತು ಹಾಕಿದ.

ಆಮೇಲೆ ಮೊದಲ ಮಳೆ ಬಂತು. ಬೋಳು ನೆಲದಿಂದ ಕೆಂಪು ನೀರು ಧೋ ಎಂದು ಇಳಿದು ತೊಟ್ಟಿ ತುಂಬಿತು. ಅಂದು ಗುರುಪುತ್ರಪ್ಪನಿಗೆ ಹಿಡಿದ ಹೆದರಿಕೆ ಮತ್ತೆ ಬಿಡಲಿಲ್ಲ. ಊರವರೆಲ್ಲ ಮೋಡ ನೋಡಿ ನಕ್ಕರೆ ಇವನು ಮೋಡ ನೋಡಿ ಬೆವರುತ್ತಿದ್ದ.

ಪಂಚಮಿಗೆ ತವರಿಗೆ ಬಂದಿದ್ದ ಕಾಶವ್ವ ಒಂದು ವರ್ಷ ಅದನ್ನು ಕಂಡಳು. ಜಿಟಿಜಿಟಿ ಮಳೆಯಲ್ಲಿ ಅಪ್ಪ ತೊಟ್ಟಿಯ ರಾಡಿಯನ್ನು ಬುಟ್ಟಿಯಲ್ಲಿ ತುಂಬಿಕೊಂಡು ತಾಕಿನ ಮೇಲಕ್ಕೆ ಹತ್ತುತ್ತಿದ್ದ, ಮಂಜಿನಲ್ಲಿ ಮರೆಯಾಗಿ ಬರಿಬುಟ್ಟಿಯೊಂದಿಗೆ ಇಳಿಯುತ್ತಿದ್ದ.

"ಏನ ಮಾಡಾಕತ್ತೀ ಅಪ್ಪಾ?"

"ನಿಮ್ಮವ್ವಗ ಹೊಚ್ಚಾಕತ್ತೇನಿ," ಎಂದ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು. "ಮ್ಯಾಲಿನ ಮಣ್ಣ ಎಲ್ಲಾ ಹೊಂಟೈತಿ. ಒಂದ ದಿವಸ ಆಕಿ ಮ್ಯಾಲ ಬಂದು ಕುಂತ್ರ ಏನ ಮಾಡ್ಲಿ ನಾ? ಸಾಹೇಬರ ಅಳತಿ ಮುಗಿದಿಂದನ ತಗೊಂಡೇನಿ. ಯಾರ ಮುಂದೂ ಅನಬ್ಯಾಡ. ಇದು ಸರ್ಕಾರದ ಮಣ್ಣ."

ಸಾಹೇಬರು ಅಳೆದು ಹೋದಮೇಲೆ ಅವನು ಹೊತ್ತು ಹಾಕುವುದು, ಮುಂದಿನ ಮಳೆಗೆ ಅದರಲ್ಲಿ ಅರ್ಧ ಮತ್ತೆ ತೊಟ್ಟಿಗೆ ಬರುವುದು. ಸರ್ಕಾರ ಅದೇ ಮಣ್ಣನ್ನು ವರ್ಷ ವರ್ಷ ಅಳೆದು, ಖಾನಾಪುರದ ಮಣ್ಣು ಇಷ್ಟು ಹೋಗುತ್ತದೆಯೇ ಎಂದು ಬೆರಗಾಗುತ್ತಿತ್ತು.

*

"ಕಾಕಾ," ಎಂದಳು ಕಾಶವ್ವ ಒಮ್ಮೆಲೇ. "ಗಟ್ಟಿ ನೆಲ ಬಿಡು. ಎಲ್ಲಿ ಮೆತ್ತಗ ಐತಿ ಅಲ್ಲಿ ನೋಡು. ಅಪ್ಪ ತೊಟ್ಟಿ ಮಣ್ಣ ತಂದು ಆಕಿ ಮ್ಯಾಲ ಹಾಕತಿದ್ದ."

ಮೌಲಾಸಾಬ ಅವಳನ್ನೇ ನೋಡಿದ. ಮೂವತ್ತು ವರ್ಷದ ಗೆಳೆಯ ಇದನ್ನು ತನಗೂ ಹೇಳಿರಲಿಲ್ಲವಲ್ಲ ಎಂಬ ನೋವು ಅವನ ಮುಖದಲ್ಲಿ ಬಂದು ಹೋಯಿತು. ಹಾರೆಯನ್ನು ಎತ್ತುವುದು ಬಿಟ್ಟು ಮೆಲ್ಲಗೆ ಊರುತ್ತ ನಡೆದ. ಗಟ್ಟಿ. ಗಟ್ಟಿ. ಮತ್ತೊಂದೆಡೆ ಊರಿದಾಗ ಹಾರೆ ಸಪ್ಪಳವಿಲ್ಲದೆ ಒಳಗಿಳಿಯಿತು. ಅವನು ಬೆಂಕಿ ಮುಟ್ಟಿದವನಂತೆ ಕೈ ತೆಗೆದ.

"ಯಾ ಅಲ್ಲಾ. ಇಲ್ಲೇ ಅದಾಳ ನಮ್ಮ ವೈನಿ."

ಕಾಶವ್ವ ಅಲ್ಲೇ ಕುಸಿದು ಕುಳಿತು ನೆಲದ ಮೇಲೆ ಅಂಗೈ ಇಟ್ಟಳು. ಬಾಜೂಕಿನ ಗಟ್ಟಿ ನೆಲದಲ್ಲಿ ಮೌಲಾಸಾಬ ಕುಣಿ ತೋಡಿದ. ಮಧ್ಯಾಹ್ನದ ಹೊತ್ತಿಗೆ ಗುರುಪುತ್ರಪ್ಪನನ್ನು ಹೂವಿನ ವಿಮಾನದಲ್ಲಿ ಕೂರಿಸಿ ತಂದರು. ಸಂಸ್ಕಾರ ಮಾಡಿಸಲು ಬಂದ ಬಸಯ್ಯನವರು ವಿಭೂತಿ ಗಟ್ಟಿಯನ್ನು ಕೈಗೆತ್ತಿಕೊಂಡಿದ್ದರು. ಅಷ್ಟರಲ್ಲಿ ಬಾಳಪ್ಪ ಓಡಿ ಬಂದ.

"ಜೀಪ! ಜೀಪ ಬಂತು!"

ಭಜನೆ ಅರ್ಧಕ್ಕೆ ನಿಂತಿತು. ಜೀಪಿನಿಂದ ಇಳಿದ ಸಾಹೇಬರ ತಲೆ ಈಗ ಮುಕ್ಕಾಲು ಬೋಳಾಗಿತ್ತು. ಗುರುಪುತ್ರಪ್ಪ ಹೋದ ಸುದ್ದಿ ಕೇಳಿ ಹಾರ ತಂದಿದ್ದರು. ಕುಣಿಯನ್ನು ಕಂಡದ್ದೇ ಹಾರ ಹಿಡಿದ ಕೈ ಕೆಳಗಿಳಿಯಿತು.

"ಏನ್ರಿ ಇದು? ಯಾರನ್ನ ಕೇಳಿ ಅಗದ್ರಿ ಇಲ್ಲೆ?"

ಬಾಳಪ್ಪ ಬಸಯ್ಯನವರ ಹಿಂದೆ ಸರಿದ. ಕಾಶವ್ವನೇ ಹೇಳಿದಳು. "ಅಪ್ಪಗ್ರಿ. ನಮ್ಮವ್ವ ಇಲ್ಲೇ ಅದಾಳ್ರಿ. ಆಕಿ ಬಾಜುಕ."

"ನಿಮ್ಮವ್ವ? ಇಲ್ಲೆ?"

ಅವಳು ತೋರಿಸಿದ ನೆಲದ ಮೇಲೆಯೇ ಸಾಹೇಬರು ನಿಂತಿದ್ದರು. ಗಾಬರಿಯಿಂದ ಹಿಂದೆ ಸರಿದರು. ಹತ್ತು ವರ್ಷ ಬೂಟುಗಾಲಿನಲ್ಲಿ ಓಡಾಡಿದ ಜಾಗ ಅದು.

"ಗುರುಪುತ್ರಪ್ಪ ನನಗ ಒಂದ ಮಾತು ಹೇಳಬಾರದಿತ್ತಾ?"

"ನೀವೂ ಒಂದ ಮಾತು ಕೇಳಲಿಲ್ರಿ," ಎಂದ ಮೌಲಾಸಾಬ.

ಸಾಹೇಬರು ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ಅದು ಬಸವಣ್ಣೆವ್ವನ ಗದ್ದುಗೆಯ ಕಲ್ಲು. ಬೆಳಿಗ್ಗೆ ಕೊಟ್ಟಿಗೆಯಿಂದ ತಂದು ಇಟ್ಟದ್ದು. ಅದನ್ನು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

"ಮುಂದಿನ ವಾರ ದಿಲ್ಲಿಯವರು ಬರತಾರ," ಎಂದರು ಸಣ್ಣ ದನಿಯಲ್ಲಿ. "ಅನುದಾನ ಮುಂದುವರಿಸಬೇಕೋ ಬ್ಯಾಡೋ ಅಂತ ನೋಡಲಿಕ್ಕೆ. ಬೋಳು ತಾಕಿನ್ಯಾಗ ಸಮಾಧಿ ಕಂಡ್ರ ಹತ್ತು ವರ್ಷದ ಕೆಲಸ ಹೋತು. ನನ್ನ ನೌಕರಿನೂ ಹೋಗತದ, ಇವಂದೂ ಹೋಗತದ." ಅವರೂ ಬೆಳಗಾವಿ ರಸ್ತೆಯ ಕಡೆಗೆ ತಿರುಗಿ ನೋಡಿದರು. ಸರ್ಕಾರಕ್ಕೂ ಹೆದರಿಕೆಯಾಗುತ್ತದೆ ಎಂಬುದನ್ನು ಆ ಊರಿನವರು ಅಂದೇ ಮೊದಲು ಕಂಡದ್ದು.

"ಮಣ್ಣು ಮಾಡ್ರಿ," ಎಂದರು ಕೊನೆಗೆ. "ಆದರ ನೆಲ ಸಪಾಟ ಆಗಬೇಕು. ಕಲ್ಲು ಇಡಬ್ಯಾಡ್ರಿ."

"ಗದ್ದುಗಿ ಇಲ್ದ ಹೆಂಗ್ರಿ?" ಎಂದರು ಬಸಯ್ಯನವರು.

ಎಲ್ಲರೂ ಕಾಶವ್ವನ ಮುಖ ನೋಡಿದರು. ಅವಳು ತಮ್ಮನ ಮುಖ ನೋಡಿದಳು. ಅವನ ತುಟಿಯ ಬಣ್ಣವೇ ಹೋಗಿತ್ತು.

"ಕಲ್ಲು ಬ್ಯಾಡ್ರಿ ಅಯ್ಯಾರ," ಎಂದಳು.

ಗುರುಪುತ್ರಪ್ಪನನ್ನು ಹೆಂಡತಿಯ ಬಾಜೂಕಿಗೆ ಕೂರಿಸಿದರು. ಅಂಗೈಯಲ್ಲಿ ಲಿಂಗ, ಸುತ್ತ ಪತ್ರಿ, ವಿಭೂತಿ, ಉಪ್ಪು. ಬಂದವರೆಲ್ಲ ಮಣ್ಣು ಕೊಟ್ಟರು. ಸಾಹೇಬರು ಬೂಟು ಕಳಚಿಟ್ಟು ಬಂದು ಒಂದು ಹಿಡಿ ಮಣ್ಣು ಹಾಕಿದರು. ಕುಣಿ ತುಂಬಿದ ಮೇಲೆ ಅದನ್ನು ತುಳಿದು ಸಪಾಟು ಮಾಡುವ ಕೆಲಸ ಮೌಲಾಸಾಬನ ಪಾಲಿಗೆ ಬಂತು. "ಮಾಫ ಮಾಡೋ ಗೆಳ್ಯಾ, ಮಾಫ ಮಾಡೋ," ಎಂದು ಪ್ರತಿ ಹೆಜ್ಜೆಗೂ ಅನ್ನುತ್ತ, ಅಳುತ್ತ ತುಳಿದ. ಬಾಳಪ್ಪ ಗದ್ದುಗೆಯ ಕಲ್ಲನ್ನು ಮತ್ತೆ ಕೊಟ್ಟಿಗೆಗೆ ಒಯ್ದ.

*

ಜೀಪು ಹೋಯಿತು. ಜನ ಚದುರಿದರು. ಸಂಜೆಯ ಬಸ್ಸಿಗೆ ವಡಗಾವಿಗೆ ಮರಳಬೇಕೆಂದು ಕಾಶವ್ವ ಗಂಟು ಕಟ್ಟಿ ಕಟ್ಟೆಯ ಮೇಲೆ ಕುಳಿತಿದ್ದಳು. ಘಟ್ಟದ ಕಡೆಯಿಂದ ಕಪ್ಪು ಮೋಡ ಏರಿ ಬಂತು. ಮುಂಗಾರಿನ, ಮಿರಗದ ಮೊದಲ ಮಳೆ. ಒಂದು ಹನಿ ಅಂಗಳಕ್ಕೆ ಬಿತ್ತು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ.

ಈಗಷ್ಟೇ ಅಗೆದ ಮಣ್ಣು. ಇಡೀ ಇಳಿಜಾರಿನಲ್ಲಿ ಎಲ್ಲಕ್ಕಿಂತ ಸಡಿಲಾದ ಮಣ್ಣು. ಬೋಳು ತಾಕಿನಿಂದ ಕೆಂಪು ನೀರು ಇಳಿಯುವುದು ಕಟ್ಟೆಯಿಂದಲೇ ಕಾಣುತ್ತಿತ್ತು.

ಅವಳು ಎದ್ದು ಕೊಟ್ಟಿಗೆಗೆ ಹೋದಳು. ಅಪ್ಪನ ಬುಟ್ಟಿ ಗೂಟಕ್ಕೆ ತೂಗುತ್ತಿತ್ತು. ತಳ ಹರಿದಲ್ಲಿ ಅವನೇ ಡಬ್ಬಿಯ ತಗಡು ಬಡಿದಿದ್ದ.

"ಅಕ್ಕಾ, ಬ್ಯಾಡ!" ಬಾಳಪ್ಪ ಹಿಂದೆ ಓಡಿ ಬಂದ. "ನಾಳಿ ಸಾಹೇಬರು ಅಳತಿ ಮಾಡಬೇಕು. ಅಪ್ಪನೂ ಅಳತಿಗಿಂತ ಮೊದಲ ಮುಟ್ಟತಿದ್ದಿಲ್ಲಂತ ನೀನ ಅಂದಿ. ಬಸ್ಸ ತಪ್ಪತೈತಿ, ಅಕ್ಕಾ!"

ಅವಳು ತಿರುಗಿ ನೋಡಲಿಲ್ಲ. ತೊಟ್ಟಿಯೊಳಗೆ ಇಳಿದು ರಾಡಿಯನ್ನು ಬಾಚಿ ಬುಟ್ಟಿ ತುಂಬಿದಳು. ಬಾಳಪ್ಪ ಬೇಲಿಯ ಬಾಗಿಲಿಗೆ ಹೋಗಿ, ಅಕ್ಕನಿಗೆ ಬೆನ್ನು ಮಾಡಿ, ಬೆಳಗಾವಿ ರಸ್ತೆಯನ್ನು ಕಾಯುತ್ತ ನಿಂತ.

ಬುಟ್ಟಿ ತಲೆಯ ಮೇಲಿಟ್ಟುಕೊಂಡು ಕಾಶವ್ವ ಜಾರುತ್ತ ಹತ್ತಿದಳು. ಕೆಂಪು ನೀರು ಹಣೆಯಿಂದ ಇಳಿದು ಬಾಯಿಗೆ ಬರುತ್ತಿತ್ತು. ಮೇಲೆ ಎಲ್ಲವೂ ಸಪಾಟು. ಕಾಲಿನಿಂದ ತಡವಿ ತಡವಿ ಮೆತ್ತಗಿದ್ದ ಜಾಗ ಹುಡುಕಿದಳು. ಅರ್ಧ ಬುಟ್ಟಿ ಅಪ್ಪನಿಗೆ ಹೊಚ್ಚಿದಳು, ಅರ್ಧ ಅವ್ವನಿಗೆ. ಬರಿಬುಟ್ಟಿ ಹಿಡಿದು ಕೆಳಗೆ ಇಳಿಯುವಾಗ, ಆ ಮಣ್ಣು ಅವಳ ಕಾಲಿನ ಬದಿಯಲ್ಲೇ ಅವಳಿಗಿಂತ ಮುಂದಾಗಿ ತೊಟ್ಟಿಯ ಕಡೆಗೆ ಹರಿಯುತ್ತಿತ್ತು.