ಅಪ್ಪನ ಶೆಡ್ಡಿನ ಹಲಗೆಗಳು

ಆ ದಿನ ಬೆಳಿಗ್ಗೆ ಅಪ್ಪ ಮಗಳು ಒಂದೇ ಮೇಜಿಗೆ ಕೂತು ಚಹಾ ಕುಡಿದಿದ್ದರು. ಅಪ್ಪ ಎಂದರೆ ತಾತನ ಕಾಲದಿಂದ ಕಟ್ಟಡ ಕಟ್ಟುತ್ತ ಬಂದ ಮನೆತನದ ಈಗಿನ ಯಜಮಾನರು. ಮನೆಯವರನ್ನು ಬಿಟ್ಟರೆ ಮಿಕ್ಕವರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ, ಯಜಮಾನರು ಅಂತ.

"ಶಾಲೆ ಕಟ್ಟಡದ ಟೆಂಡರ್ ಇವತ್ತು ತೆಗೀತಾರೆ ಮಗಳೇ. ದೇವರ ಹತ್ರ ಒಂದು ಮಾತು ಬೇಡ್ಕೋ," ಎಂದಿದ್ದರು.

"ಎದ್ದ ಕೂಡ್ಲೇ ಬೇಡ್ಕೊಂಡಿದೀನಿ ಅಪ್ಪ," ಎಂದಿದ್ದಳು ಮಗಳು, ಲೋಟದಿಂದ ಮುಖ ಎತ್ತದೆ.

ಸುಳ್ಳೇನಲ್ಲ. ಯಾರಿಗಾಗಿ ಬೇಡಿಕೊಂಡೆ ಎಂದು ಅವರು ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಮೇಲಿರುವವನಿಗೆ ಮಾತ್ರ ಗೊತ್ತಿತ್ತು. ಅವನು ಎಂದೂ ಯಾರ ಗುಟ್ಟನ್ನೂ ಮುಂಚಿತವಾಗಿ ಹೇಳಿದವನಲ್ಲ.

ಶಾಲಾ ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಕಾರ್ಯದರ್ಶಿ, ಕೈಯಲ್ಲಿ ಕತ್ತರಿ, ಮುಂದೆ ಅಂಟಿಸಿದ ಲಕೋಟೆಗಳು. ಈಚೆ ಸಾಲು ಕುರ್ಚಿಗಳಲ್ಲಿ ಗುತ್ತಿಗೆದಾರರು ಕಾಲು ಅಲ್ಲಾಡಿಸುತ್ತ ಕೂತಿದ್ದರು. ಯಜಮಾನರ ಪಕ್ಕದಲ್ಲಿ ಅವರ ತಮ್ಮ. ಅಣ್ಣನ ವ್ಯವಹಾರಕ್ಕೆ ಅರ್ಧ ಹೆಗಲು ಕೊಟ್ಟವನು, ಪೂರ್ತಿ ನಾಲಿಗೆ ಕೊಟ್ಟವನು.

ಇನ್ನೇನು ಕತ್ತರಿ ಆಡಬೇಕು, ಬಾಗಿಲು ಸರಿಸಿಕೊಂಡು ಮಗಳು ಒಳಗೆ ಬಂದಳು. ಯಜಮಾನರ ಕೈ ತಾನಾಗಿ ಜೇಬಿಗೆ ಹೋಯಿತು.

"ಏನಮ್ಮಾ, ಕನ್ನಡಕ ಮರೆತು ಬಂದ್ನಾ?"

ಕನ್ನಡಕ ಜೇಬಿನಲ್ಲೇ ಇತ್ತು. ಮಗಳು ಅವರ ಹತ್ತಿರ ಬರಲೂ ಇಲ್ಲ. ಆ ತುದಿಯ ಖಾಲಿ ಕುರ್ಚಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ಕಾರ್ಯದರ್ಶಿ ಒಂದೊಂದೇ ಲಕೋಟೆ ಕತ್ತರಿಸಿ ಮೊತ್ತ ಓದಿದರು. ಎಲ್ಲವೂ ಯಜಮಾನರಿಗಿಂತ ಎಷ್ಟೋ ಮೇಲೆ. ತಮ್ಮನ ಮುಖ ಅರಳುತ್ತ ಹೋಯಿತು. ಕೊನೆಯ ಲಕೋಟೆ ಓದಿ ಕಾರ್ಯದರ್ಶಿ ಹುಬ್ಬೇರಿಸಿದರು. "ಇದು ಎಲ್ಲಕ್ಕಿಂತ ಕಡಿಮೆ. ಯಾರಿದು?"

ಮಗಳು ಎದ್ದು ನಿಂತಳು.

ಯಜಮಾನರು ಗರ ಬಡಿದವರಂತೆ ಕೂತುಬಿಟ್ಟರು. ಕಿವಿಯಲ್ಲಿ ಕಾಂಕ್ರೀಟ್ ಕಲೆಸುವ ಯಂತ್ರ ತಿರುಗಿದಂತೆ ಒಂದೇ ಸದ್ದು. ಯಾರೋ ನಕ್ಕರು. ಯಾರೋ "ಮನೆಯಲ್ಲೇ ಎರಡು ಒಲೆ ಹೂಡಿದಾರಪ್ಪ" ಎಂದರು.

"ಅಣ್ಣಾ, ಅದು ನಮ್ಮ ಇಟ್ಟಿಗೆಮರಿ ಅಲ್ವಾ?" ತಮ್ಮ ಪಿಸುಗುಟ್ಟಿದ.

"ಬಾಯ್ಮುಚ್ಚು."

ಇಟ್ಟಿಗೆಮರಿ ಎಂಬುದು ಕೆಲಸಗಾರರು ಇಟ್ಟ ಹೆಸರು. ನಡೆಯಲು ಕಲಿಯುವ ಮೊದಲೇ ಅಪ್ಪನ ಹೆಗಲೇರಿ ಕಟ್ಟಡಗಳನ್ನು ಸುತ್ತಿದ ಕೂಸು ಅದು. ಮರಳಿನ ಗುಡ್ಡೆಯ ಮೇಲೆ ನಿದ್ದೆ, ಇಟ್ಟಿಗೆ ಸಾಲಿನ ಹಿಂದೆ ಕಣ್ಣಾಮುಚ್ಚಾಲೆ. ಬೆಳೆದು ಎಂಜಿನಿಯರ್ ಓದಿ ಬಂದಾಗ ಯಜಮಾನರು ಆಫೀಸಿನಲ್ಲಿ ಅವಳಿಗೊಂದು ಮೇಜು ಹಾಕಿಸಿ, ತಲೆಯ ಮೇಲೆ ಹೊಸ ಫ್ಯಾನ್ ಹಾಕಿಸಿದರು. ಅಲ್ಲಿಂದಾಚೆಗೆ ಏಣಿ ಹತ್ತಲು ಬಿಟ್ಟಿದ್ದಿಲ್ಲ. ಒಮ್ಮೆ ಬಿಸಿಲು ಜಾಸ್ತಿ ಮಗಳೇ, ಇನ್ನೊಮ್ಮೆ ಏಣಿ ಅಲ್ಲಾಡುತ್ತೆ ಮಗಳೇ. ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಬಂದರೆ ಅವಳಿಗೆ ಬ್ಯಾಂಕಿನ ಕೆಲಸ ಹಚ್ಚುತ್ತಿದ್ದರು. ಅವರ ಕಣ್ಣಿಗೆ ಅದೆಲ್ಲ ಮುದ್ದು. ಹೋದ ವರ್ಷ ಅವಳು, ನಕ್ಷೆ ಬರೆಯುವ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು, ಹೋಗ್ತೀನಿ ಎಂದಾಗಲೂ, ನೆರಳಿನ ಕೆಲಸ, ಒಳ್ಳೆಯದಾಯಿತು ಎಂದುಕೊಂಡಿದ್ದರು.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಚಹಾ ಆಗ್ಲಿ. ಆಮೇಲೆ ಕರಾರಿಗೆ ಸಹಿ. ಸಹಿ ಬಿದ್ದ ಮೇಲೆ ಹಿಂದೆ ಸರಿದರೆ ಠೇವಣಿ ಕಳ್ಕೋಬೇಕಾಗುತ್ತೆ ತಾಯಿ. ಈಗಲೇ ಬೇಡ ಅಂದ್ರೆ ತೊಂದರೆ ಇಲ್ಲ, ಎರಡನೆಯವರಿಗೆ ಕೊಡ್ತೀವಿ."

ಎರಡನೆಯವರು ಅಂದರೆ ಯಜಮಾನರೇ.

ಎಲ್ಲರೂ ಹೊರಗೆ ಹೋದರೂ ಯಜಮಾನರು ಏಳಲಿಲ್ಲ. ಬರಸಿಡಿಲು ಬಡಿದರೂ ಲೆಕ್ಕ ನಿಲ್ಲದ ತಲೆ ಅದು. ಕೆಲವರು ಕಣ್ಣು ಮುಚ್ಚಿ ಜಪ ಮಾಡುವ ಹಾಗೆ ಅವರು ಕಣ್ಣು ಮುಚ್ಚಿ ಕಟ್ಟಡ ಕಟ್ಟುತ್ತಿದ್ದರು. ಪಾಯ ತೋಡಿದರು, ಕಂಬ ಎಬ್ಬಿಸಿದರು, ತೊಲೆ ಕೂರಿಸಿದರು. ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಎತ್ತಿ ಹಿಡಿಯುವ ಹಲಗೆ, ಊರೆಗಂಬಗಳ ಹತ್ತಿರ ಬಂದಾಗ ಕಣ್ಣು ತೆರೆದರು.

ಬೇರೆ ಗುತ್ತಿಗೆದಾರರು ಹಲಗೆಯನ್ನು ಬಾಡಿಗೆಗೆ ತರುತ್ತಾರೆ. ಅವರ ಮೊತ್ತ ಮೇಲಿರುವುದೇ ಅದಕ್ಕೆ. ಯಜಮಾನರ ಮನೆತನಕ್ಕೆ ಮಾತ್ರ ಆ ಖರ್ಚೇ ಇಲ್ಲ. ಅವರ ತಾತ ಕೊಂಡ ಹಲಗೆ, ಅವರಪ್ಪ ಸೇರಿಸಿದ ಹಲಗೆ, ತಾವೇ ರಾಶಿ ಹಾಕಿದ ಹಲಗೆ, ಎಲ್ಲ ಶೆಡ್ಡಿನಲ್ಲಿ ಸೂರು ಮುಟ್ಟುವಷ್ಟು ಇದೆ. ಬಾಡಿಗೆ ಸೇರಿಸಿದ ಯಾರೂ ಅವರ ಮೊತ್ತದ ಹತ್ತಿರ ಸುಳಿಯಲಾರರು. ಮಗಳು ಅದಕ್ಕೂ ಕೆಳಗಿದ್ದಾಳೆ.

ಎದ್ದು ವರಾಂಡಕ್ಕೆ ಬಂದು ಚಹಾ ಲೋಟ ಹಿಡಿದರು. ತಮ್ಮನೂ ಅಷ್ಟರಲ್ಲಿ ಅದನ್ನೇ ಕಂಡುಕೊಂಡಿದ್ದ. "ಅಣ್ಣಾ, ಹುಡುಗಿ ಲೆಕ್ಕದಲ್ಲಿ ಹಲಗೆ ಬಿಟ್ಟಿದಾಳೆ."

"ಗೊತ್ತಾಯ್ತು."

"ಹಾಗಾದ್ರೆ ಸುಮ್ನಿರು. ಸಹಿ ಹಾಕ್ಲಿ. ಪಾಯ ಮುಗಿಯೋ ಹೊತ್ತಿಗೆ ಅಳ್ತಾ ನಮ್ಮ ಆಫೀಸಿಗೇ ಬರ್ತಾಳೆ. ಆ ಮೇಜು, ಫ್ಯಾನು ಹಾಗೇ ಇದಾವಲ್ಲ."

ಇಲ್ಲವೆನ್ನುವುದು ಸರಿಯಲ್ಲ, ಒಂದು ಗಳಿಗೆ ಯಜಮಾನರಿಗೆ ಆ ಮೇಜಿನ ಹಿಂದೆ ಮಗಳು ಕೂತಿದ್ದು ಕಾಣಿಸಿತು, ಹಿತವೂ ಆಯಿತು. ತಲೆ ತಗ್ಗಿಸಿ ಕೂತಿದ್ದಳು ಅಲ್ಲಿ. ಆ ತಲೆ ಕಂಡದ್ದೇ ತಡ, ಹಿತವೆಲ್ಲ ಕಹಿಯಾಯಿತು. ದೇವರೇ, ಇಂಥದ್ದನ್ನು ಬಯಸಿದೆನಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದು, ಲೋಟವನ್ನು ತಮ್ಮನ ಕೈಗೆ ತುರುಕಿ ನಡೆದರು.

ಮಗಳು ಕಂಬಕ್ಕೆ ಒರಗಿ ನಿಂತಿದ್ದಳು.

"ನಿಮ್ಮಮ್ಮನಿಗೆ ಗೊತ್ತಾ?"

"ಲಕೋಟೆ ಅಂಟಿಸಿದ್ದೇ ಅಮ್ಮ."

ಇನ್ನೊಂದು ಏಟು. ಯಜಮಾನರು ಅದನ್ನೂ ನುಂಗಿಕೊಂಡರು.

"ಬೈಯೋದಾದ್ರೆ ಮನೇಲಿ ಬೈಯಪ್ಪ. ಇಲ್ಲಿ ಬೇಡ."

"ಬೈಯಲ್ಲ. ಒಂದು ಮಾತು ಕೇಳ್ತೀನಿ. ಜಲ್ಲಿ ಯಾರ ಹತ್ರ ತಗೋತೀಯಾ?"

ಹೇಳಿದಳು. ಸರಿಯಾಗಿತ್ತು. ಕಬ್ಬಿಣ ಕೇಳಿದರು, ಅದೂ ಸರಿ. ಮೇಸ್ತ್ರಿ ಯಾರೆಂದು ಕೇಳಿದರೆ ಅವರೇ ಮೆಚ್ಚುವಂಥವನ ಹೆಸರು ಹೇಳಿದಳು. ಒಳಗೊಳಗೇ ಅವರಿಗೆ ಹೆಮ್ಮೆ ಉಕ್ಕಿತು, ಹೊರಗೆ ಕೆಮ್ಮಿದರು.

"ಹಲಗೆ?"

"ಹಲಗೆ ಏನು, ಶೆಡ್ಡಲ್ಲಿ..."

ಮಾತು ಅಲ್ಲೇ ನಿಂತಿತು. ಮುಖದ ಬಣ್ಣ ಇಳಿಯುವುದನ್ನು ಯಜಮಾನರು ಕಣ್ಣಾರೆ ಕಂಡರು. ಯಾರ ಶೆಡ್ಡು ಎಂದು ಕೇಳಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಕಂಡ ಹಲಗೆಗಳು. ಗಾಳಿಗೆ, ಬಿಸಿಲಿಗೆ ಯಾರು ಬೆಲೆ ಕಟ್ಟುತ್ತಾರೆ? ಅಪ್ಪನ ಅಂಗಳದಿಂದ ಆಚೆ ಕಾಲಿಟ್ಟೆ ಎಂದುಕೊಂಡವಳು, ಅಪ್ಪನ ಶೆಡ್ಡನ್ನು ಬೆನ್ನ ಮೇಲೆ ಹೊತ್ತೇ ಬಂದಿದ್ದಳು.

"ನಾನು... ಒಂದಲ್ಲ ಅಪ್ಪ, ಹತ್ತು ಸಲ ನೋಡಿದೆ."

"ಹತ್ತು ಸಲವೂ ಕಾಣಲ್ಲ. ನಂಗೂ ಕಂಡಿದ್ದಿಲ್ಲ ಅದು. ಅದೂ ಒಂದು ಖರ್ಚು ಅಂತ ನಿಂಗೆ ನಾನು ಯಾವತ್ತಾದ್ರೂ ತೋರಿಸಿದ್ರೆ ತಾನೇ. ಸಹಿ ಹಾಕೋಕೆ ಮುಂಚೆ ಹೇಳ್ಬೇಕು ಅನ್ನಿಸ್ತು," ಎಂದರು.

ಅವಳು ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ಅದರ ಹಿಂದೆ ಅನುಮಾನ. "ನಾನು ಬಿಟ್ರೆ ಕೆಲಸ ನಿಂಗೇ ಬರುತ್ತಲ್ಲ ಅಪ್ಪ."

ಲಕೋಟೆಗಿಂತ, ಹೆಂಡತಿಯ ಅಂಟಿಗಿಂತ ಈ ಮಾತು ಜೋರಾಗಿ ಬಡಿಯಿತು. ಯಜಮಾನರು ಮಗಳ ಮೇಲೆ ಸಿಟ್ಟು ಬರಲಿ ಎಂದು ಕಾದರು, ಬರಲಿಲ್ಲ. ಗುತ್ತಿಗೆದಾರಳಾಗಿ ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು.

"ನೀನು ಬಿಟ್ರೆ ನಾನೂ ಬಿಡ್ತೀನಿ," ಎಂದರು ಕಷ್ಟಪಟ್ಟು. "ಮೂರನೆಯವನು ಕಟ್ಕೊಳ್ಳಿ. ಹೋಗಿ ಈಗಲೇ ಹೇಳ್ಲಾ?"

ಅವಳು ಮುಖ ಒರೆಸಿಕೊಂಡಳು.

"ಇಲ್ಲಾಂದ್ರೆ ಹಲಗೆ ತಗೊಂಡು ಹೋಗು. ನಿಂದಲ್ವಾ ಎಲ್ಲಾ?"

"ನಂದಲ್ಲ ಅಪ್ಪ. ನಂದು ಅಂದ್ಕೊಂಡಿದ್ದಕ್ಕೇ ಇವತ್ತು ಹೀಗಾಗಿದ್ದು." ಅವಳು ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡಳು. "ಯಜಮಾನ್ರೇ, ಬಾಡಿಗೆ ಹೇಳಿ."

ಯಜಮಾನರು ಕಣ್ಣು ಕಣ್ಣು ಬಿಟ್ಟರು. ಹೆಗಲ ಮೇಲೆ ಹೊತ್ತು ಆಡಿಸಿದ ಕೂಸು ಬಾಡಿಗೆ ಕೇಳುತ್ತಿದೆ! ಕೊನೆಗೆ ಬಾಯಿಗೆ ಬಂದದ್ದೊಂದು ಹೇಳಿದರು.

"ಇದು ಹೊರಗಿನವರಿಗೆ ಹೇಳೋ ರೇಟಾ?"

"...ಅಲ್ಲ."

"ಹೊರಗಿನವರಿಗೆ ಹೇಳೋದು ಹೇಳಿ."

ಹೇಳಿದರು. ಅವಳು ತುಟಿ ಕಚ್ಚಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಲಾಭ ಎಂಬುದು ಪೂರಾ ತೊಳೆದು ಹೋಗುತ್ತಿತ್ತು, ಅದು ಇಬ್ಬರಿಗೂ ಕಾಣುತ್ತಿತ್ತು.

"ಕೈಗೆ ಏನೂ ಉಳಿಯಲ್ಲ ಮಗಳೇ."

"ಸಾಲವೂ ಉಳಿಯಲ್ಲ. ಶಾಲೆ ಉಳಿಯುತ್ತೆ. ಎಲ್ಲ ಹಲಗೆ ಒಂದೇ ಸಲ ಬೇಡ, ಒಂದು ಮಹಡಿಗೆ ಆಗೋಷ್ಟು ಕೊಡಿ. ಬಿಚ್ಚಿ ಮೇಲಿನದಕ್ಕೆ ಅದನ್ನೇ ಹಾಕ್ತೀನಿ. ಅಷ್ಟಕ್ಕೆ ಸ್ವಲ್ಪ ಇಳಿಸಿ."

"ಇಳಿಸಲ್ಲ."

"ಹಾಗಾದ್ರೆ ಸಾಗಾಣಿಕೆ ನಿಮ್ಮದು."

"ನನ್ನ ಲಾರಿ ನಿನ್ನ ಕೆಲಸಕ್ಕಾ?"

"ಖಾಲಿ ನಿಂತಿದೆಯಲ್ಲ. ಶಾಲೆ ಕೆಲಸ ನಿಮಗೆ ಸಿಗಲಿಲ್ವಂತೆ."

ಹತ್ತಿರ ಬಂದಿದ್ದ ತಮ್ಮ ಪಕ್ಕನೆ ನಕ್ಕುಬಿಟ್ಟ; ಅಣ್ಣನ ಮುಖ ನೋಡಿ ನಗುವನ್ನು ಚಹಾದಲ್ಲಿ ಮುಳುಗಿಸಿದ.

"ಆಯ್ತು, ಸಾಗಾಣಿಕೆ ನಂದು," ಎಂದರು ಯಜಮಾನರು. "ಮೊಳೆ ಕಿತ್ತು, ತೊಳೆದು ವಾಪಸ್ ಕೊಡ್ಬೇಕು. ಮುರಿದ್ರೆ ದಂಡ."

"ನೀವು ಎಣಿಸಿ ಕೊಡಿ. ಚಿಕ್ಕಪ್ಪನ ಕೈಲಿ ಎಣಿಸಬೇಡಿ."

ಒಳಗಿನಿಂದ ಕರೆ ಬಂತು. ಅವಳು ಒಳಗೆ ಹೋಗಿ ಸಹಿ ಹಾಕಿದಳು. ಪೆನ್ನಿನ ಮುಚ್ಚಳ ಎರಡನೇ ಸಲಕ್ಕೆ ಕೂತಿದ್ದು ಬಾಗಿಲಾಚೆ ನಿಂತ ಯಜಮಾನರಿಗೆ ಕಂಡಿತು. ಹೋಗಿ ಅವಳ ಕೈ ಹಿಡಿಯಬೇಕು ಎನಿಸಿತು. ಬಾಗಿಲ ಚೌಕಟ್ಟನ್ನು ಹಿಡಿದು ನಿಂತರು.

ಆಮೇಲೆ ಫೋನ್ ತೆಗೆದು ಶೆಡ್ಡಿನ ಕಾವಲುಗಾರನಿಗೆ ಹಚ್ಚಿದರು. "ನಾಳೆ ಹಲಗೆಗೆ ಬರ್ತಾರೆ. ಬಾಡಿಗೆಗೆ."

"ಯಾರು ಯಜಮಾನ್ರೇ?"

ಮಗಳು ಎನ್ನಲು ಬಾಯಿ ತೆರೆದರು. ಹಾಗೆಂದರೆ ಅವನು ಎಣಿಸದೆ, ಬಾಡಿಗೆ ಬರೆಯದೆ ಶೆಡ್ಡನ್ನೇ ತೆರೆದು ಕೊಟ್ಟಾನು.

"ಶಾಲೆ ಕಟ್ಟೋ ಕಂಟ್ರಾಕ್ಟರ್," ಎಂದರು. ಹೇಳಿದ ಮಾತು ತಮ್ಮದೇ ಕಿವಿಗೆ ಬಿತ್ತು. ಅಲ್ಲೇ ಮೆಟ್ಟಿಲ ಮೇಲೆ ಮೆಲ್ಲನೆ ಕೂತರು.