ರಾಣಿ ಸತ್ತ ಮೇಲಿನ ನಾಲ್ಕು ಸೆಕೆಂಡು

1

ಈ ಕಥೆಯನ್ನು ಬಾಯಿಂದ ಶುರು ಮಾಡಬೇಕೋ ಹೊಟ್ಟೆಯಿಂದಲೋ ಎಂದು ಎರಡು ದಿನ ಯೋಚಿಸಿದೆ. ವಾರಪತ್ರಿಕೆಯ ಸಂಪಾದಕರು ಕೇಳಿದ್ದು ಕಥೆಯನ್ನಲ್ಲ, ‘ಬದಲಾದ ಜೀವನಶೈಲಿ ಮತ್ತು ಜೀರ್ಣಾಂಗ’ ಎಂಬ ಲೇಖನವನ್ನು. ‘ಇಂದಿನ ಧಾವಂತದ ಯುಗದಲ್ಲಿ’ ಎಂದು ಬರೆದೆ. ಓದಿದರೆ ನನಗೇ ಹುಳಿತೇಗು ಬಂತು. ಹೊಡೆದು ಹಾಕಿದೆ. (ಲೇಖನ ಬೇಕಿದ್ದವರು ಇಲ್ಲೇ ಇಳಿದುಕೊಳ್ಳಬಹುದು.)

2

ಎಲ್ಲರೂ ಅವರನ್ನು ದನಿಯಕ್ಕ ಅನ್ನುತ್ತಾರೆ. ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದು ಅವರ ಕೆಲಸ. ಮೂರನೇ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿದ, ಫ್ಯಾನಿಲ್ಲದ ಗೂಡಿನಂಥ ಕೋಣೆ. ಗಾಜಿನ ಆಚೆ ಸೌಂಡ್ ಎಂಜಿನಿಯರ್. ಅವರಿಗಿಂತ ಹತ್ತು ವರ್ಷ ಚಿಕ್ಕವನು. ದಿನವಿಡೀ ಹೆಡ್‌ಫೋನ್ ಹಾಕಿಕೊಂಡಿರುವುದರಿಂದ ಮನುಷ್ಯರ ಉಸಿರಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಕಡಿಮೆ.

ಒಂದು ದಿನ ಅವರು ಓದುತ್ತಿದ್ದ ಕಾದಂಬರಿಯ ಮುದಿ ರಾಣಿ ಸಾಯಬೇಕಿತ್ತು. ‘ರಾಣಿ ಕಣ್ಣು ಮುಚ್ಚಿದಳು’ ಎಂದು ಓದಿ, ನಾಲ್ಕು ಸೆಕೆಂಡು ಮೌನ. ಮೂರನೇ ಸೆಕೆಂಡಿಗೆ ದನಿಯಕ್ಕನ ಹೊಟ್ಟೆ ಗುರ್ರೆಂದಿತು.

“ಅಕ್ಕಾ, ರಾಣಿ ಇನ್ನೂ ಬದುಕಿದ್ದಾಳೆ.”

“ನಿಂಗೂ ಕೇಳಿಸ್ತಾ?”

“ಮೈಕಿಗೆ ಕೇಳಿಸ್ತು.”

ರಾಣಿ ಏಳು ಸಲ ಸತ್ತಳು. ಏಳು ಸಲವೂ ಹೊಟ್ಟೆ ತಕರಾರು ಎತ್ತಿತು.

“ಬೆಳಿಗ್ಗೆ ಏನ್ ತಿಂದ್ರಿ?”

“ಕಾಫಿ.”

“ಅದು ಕುಡ್ದಿದ್ದು. ನಾನ್ ಕೇಳಿದ್ದು ತಿಂದಿದ್ದು.”

“ಮಾತ್ರೆ.”

3

(ಇಲ್ಲಿ ಹಿನ್ನೆಲೆ ಹೇಳಬೇಕು. ಹಿನ್ನೆಲೆ ಹೇಳುವಾಗ ಓದುಗರು ಎದ್ದು ನೀರು ಕುಡಿಯಲು ಹೋಗುತ್ತಾರೆ. ಕುಡಿದು ಬನ್ನಿ, ಒಳ್ಳೆಯದೇ.)

ಐದು ವರ್ಷದ ಹಿಂದೆ ದನಿಯಕ್ಕ ತಿಂಗಳಿಗೊಂದು ಪುಸ್ತಕ ಓದಿದರೆ ಸಾಕಿತ್ತು. ಒಂದು ಗಂಟೆಗೆ ಮನೆಗೆ ಹೋಗಿ ಗಂಡನ ಎದುರು ಕೂತು ಉಣ್ಣುತ್ತಿದ್ದರು. ಆಮೇಲೆ ಜನ ಬಸ್ಸಿನಲ್ಲಿ, ಜಿಮ್ಮಿನಲ್ಲಿ, ಸ್ನಾನದ ಮನೆಯಲ್ಲಿ ಪುಸ್ತಕ ಕೇಳತೊಡಗಿದರು. ಪುಸ್ತಕ ವಾರಕ್ಕೊಂದಾಯಿತು. ಗಂಡ ಬಸ್ ಚಾಲಕ. ಅವರ ಪಾಳಿಯೂ ಬದಲಾಯಿತು. ಒಬ್ಬರು ಮಾಡಿಟ್ಟದ್ದನ್ನು ಇನ್ನೊಬ್ಬರು ಫ್ರಿಜ್ಜಿನಿಂದ ತೆಗೆಯುತ್ತಿದ್ದರು, ಅಥವಾ ತೆಗೆಯುತ್ತಿರಲಿಲ್ಲ. ದನಿಯಕ್ಕ ಸಿಗ್ನಲ್ಲಿನಲ್ಲಿ ಬಿಸ್ಕತ್ತು, ಲಿಫ್ಟಿನಲ್ಲಿ ಬ್ರೆಡ್ಡು ತಿಂದರು. ಕೂತೂ ಕೂತೂ ಸೊಂಟ ಹಿಡಿಯಿತು. ಅದಕ್ಕೆ ನೋವಿನ ಮಾತ್ರೆ, ಬರೀ ಹೊಟ್ಟೆಗೆ. ಮಾತ್ರೆಯಿಂದ ಎದೆ ಉರಿ. ಅದಕ್ಕೆ ಗುಲಾಬಿ ಬಣ್ಣದ ಔಷಧಿ, ಬಾಟಲಿಗೇ ಬಾಯಿಟ್ಟು.

ಇದನ್ನೆಲ್ಲ ಅವರು ನನಗೆ ನಗುತ್ತಲೇ ಹೇಳಿದರು. ಹೇಳದೆ ಬಿಟ್ಟ ಒಂದನ್ನು ಆಮೇಲೆ ಎಂಜಿನಿಯರ್ ಹೇಳಿದ.

4

ಮೊದಲ ಕರಡಿನಲ್ಲಿ ಅವರನ್ನು ಮೈಕಿನ ಮುಂದೆಯೇ ಧೊಪ್ಪನೆ ಬೀಳಿಸಿದ್ದೆ. ಓದಿ ತೋರಿಸಿದೆ.

“ಕಥೆಗಾರ್ರೇ, ನಾನೆಲ್ಲಿ ಬಿದ್ದೆ?”

“ಬಿದ್ದರೆ ಪರಿಣಾಮ ಜಾಸ್ತಿ.”

“ನಾನು ಓದೋ ಪುಸ್ತಕದಲ್ಲೆಲ್ಲ ಹೆಂಗಸ್ರು ಬೀಳ್ತಾನೇ ಇರ್ತಾರೆ. ನಂಗೆ ಸಾಕಾಗಿದೆ. ನಡೆದಿದ್ದು ಬರೀರಿ.”

ನಡೆದದ್ದು ಹೀಗೆ. ರಾಣಿ ಸತ್ತ ಮೂರನೇ ದಿನ ಲಿಫ್ಟ್ ಕೆಟ್ಟಿತ್ತು. ದನಿಯಕ್ಕ ಎರಡನೇ ಮಹಡಿ ದಾಟಿ ನಾಲ್ಕು ಮೆಟ್ಟಿಲು ಹತ್ತಿ ಕೂತರು. ಐದನೆಯದು ಆಗಲಿಲ್ಲ. ಎಂಜಿನಿಯರ್ ಹುಡುಕಿಕೊಂಡು ಇಳಿದು ಬಂದ. ಅವರ ಮುಖ ಬಿಳಿಚಿಕೊಂಡಿತ್ತು, ತುಟಿಯಲ್ಲೂ ಬಣ್ಣವಿರಲಿಲ್ಲ.

“ಏನಾಯ್ತಕ್ಕಾ?”

“ಇಲ್ಲಿ ಮೈಕ್ ಇಲ್ಲ ತಾನೆ?”

“ಇದು ಮೆಟ್ಲು ಅಕ್ಕಾ.”

ಆಗ ಹೇಳಿದರು. ನಾಲ್ಕು ದಿನದಿಂದ ಮಲ ಕಪ್ಪಗೆ, ರಸ್ತೆಗೆ ಹಾಕುವ ಡಾಂಬರಿನ ಹಾಗೆ ಹೋಗುತ್ತಿದೆ. ಫೋನಿನಲ್ಲಿ ಹುಡುಕಿದಾಗ ಮೊದಲ ಸಾಲು ಓದಿದ್ದೇ ಮುಚ್ಚಿಟ್ಟಿದ್ದರು.

“ಭಾವಂಗೆ ಹೇಳಿದ್ರಾ?”

“ಅವರು ಸ್ಟೀರಿಂಗ್ ಹಿಡಿಯೋರು ಕಣೋ. ತಲೇಲಿ ಇದನ್ನಿಟ್ಕೊಂಡು ಐವತ್ತು ಜನ ಕೂತ ಬಸ್ಸನ್ನ ಹೇಗೆ ಓಡಿಸ್ತಾರೆ? ಪುಸ್ತಕ ಮುಗೀಲಿ ಅಂತ ಸುಮ್ನಿದ್ದೆ.”

ಅವನು ಅವರ ಚೀಲವನ್ನು ತನ್ನ ಕುತ್ತಿಗೆಗೆ ನೇತುಹಾಕಿಕೊಂಡು, ಆಟೋದವನನ್ನು ಬಾಗಿಲವರೆಗೆ ಕರೆಸಿ, ಒಂದೊಂದೇ ಮೆಟ್ಟಿಲು ಇಳಿಸಿದ. (ಇಲ್ಲಿ ನಾನೊಂದು ಉಪಮೆ ಬರೆದಿದ್ದೆ. ಅವನು ಬೇಡ ಅಂದ.)

5

ಆಸ್ಪತ್ರೆಯಲ್ಲಿ ಬಾಯೊಳಗೆ ಕೊಳವೆ ಇಳಿಸಿ ನೋಡಿದರು. ಜಠರದಲ್ಲಿ ಹುಣ್ಣು, ಅದರಿಂದ ರಕ್ತ. ಒಳಗಿಂದಲೇ ರಕ್ತ ನಿಲ್ಲಿಸಿ, ಎರಡು ಬಾಟಲಿ ರಕ್ತ ಕೊಟ್ಟರು. ಡಾಕ್ಟರಮ್ಮ ಮಂಚದ ತುದಿಯಲ್ಲಿ ನಿಂತು ಕೇಳಿದರು.

“ಮಾತ್ರೆ ಎಷ್ಟು ದಿನದಿಂದ?”

“ದಿನ ಅಲ್ಲ, ಎರಡು ವರ್ಷದಿಂದ.”

“ಬರೀ ಹೊಟ್ಟೇಲಿ?”

“ಕಾಫಿ ಜೊತೆ.”

“ಇನ್ನೆರಡು ದಿನ ತಡ ಮಾಡಿದ್ದಿದ್ರೆ ನಾವಿಬ್ರೂ ಮಾತಾಡ್ತಾ ಇರ್ತಿರ್ಲಿಲ್ಲ.”

ಗಂಡ ಬಸ್ಸಿನ ಖಾಕಿಯಲ್ಲೇ ಓಡಿ ಬಂದರು. ಬೈಯಬೇಕೆಂದೇ ಬಂದಿದ್ದರಂತೆ. ಬಾಯಿ ತೆರೆದವರು ಹೆಂಡತಿಯ ಅಂಗೈಯನ್ನು ನೋಡಿ, “ಇಷ್ಟು ಬಿಳಿ ಆಗೋವರೆಗೂ ನಾನು ನೋಡ್ಲೇ ಇಲ್ವಲ್ಲ” ಎಂದು ಸ್ಟೂಲಿನ ಮೇಲೆ ಕುಸಿದು ಕೂತರು. ದನಿಯಕ್ಕ ನನಗೆ ಹೇಳಿದ್ದರಲ್ಲಿ ನಗದೆ ಹೇಳಿದ್ದು ಇದೊಂದನ್ನೇ.

6 (ಮುಕ್ತಾಯಗಳು)

ಸಂಪಾದಕರಿಗೆ ಇಷ್ಟವಾಗುವ ಮುಕ್ತಾಯ: ದನಿಯಕ್ಕ ಕೆಲಸ ಬಿಟ್ಟು, ಹಸಿರು ತರಕಾರಿ ತಿಂದು, ಉಳಿದವರಿಗೂ ಬುದ್ಧಿ ಹೇಳುತ್ತಾರೆ. ಅವರನ್ನೇ ಕೇಳಿದೆ. “ಮನೆ ಕಂತು ನೀವು ಕಟ್ತೀರಾ?” ಅಂದರು. ಈ ಮುಕ್ತಾಯ ಬಿಟ್ಟೆ.

ನನಗೆ ಇಷ್ಟವಾದ ಮುಕ್ತಾಯದಲ್ಲಿ ಅವರು ಸಾಯುತ್ತಾರೆ. ಅರ್ಧ ಪುಟ ಬಹಳ ಚೆನ್ನಾಗಿ ಬಂದಿತ್ತು. ಕೇಳುವ ಧೈರ್ಯವಾಗಲಿಲ್ಲ.

ನಿಜಕ್ಕೂ ಆದದ್ದು ಇಷ್ಟು. ಐದು ವಾರದ ನಂತರ ಮರಳಿದರು. ಅಷ್ಟರಲ್ಲಿ ಪುಸ್ತಕದ ಉಳಿದ ಭಾಗವನ್ನು ಬೇರೊಬ್ಬರು ಓದಿ ಮುಗಿಸಿದ್ದರು. ದನಿ ಬದಲಾದದ್ದನ್ನು ಒಬ್ಬ ಕೇಳುಗನೂ ಗಮನಿಸಲಿಲ್ಲ. ಆ ಸುದ್ದಿ ಹೇಳುವಾಗ ಎಂಜಿನಿಯರ್ ನೆಲ ನೋಡುತ್ತಿದ್ದ. ದನಿಯಕ್ಕ “ಇದಕ್ಕಾ ನಾನು ಮುಚ್ಚಿಟ್ಟಿದ್ದು?” ಅಂದರು. ಈಗ ಒಂದು ಗಂಟೆಗೆ ಅವರೂ ಎಂಜಿನಿಯರೂ ಎದ್ದು ಊಟಕ್ಕೆ ಹೊರಗೆ ಬರುತ್ತಾರೆ. ಎಲ್ಲ ದಿನವೂ ಅಲ್ಲ. ಹೋದ ವಾರ ಎರಡು ದಿನ ತಪ್ಪಿತು. ಗಂಡ ಪಾಳಿ ಬದಲಿಸಿ ಎಂದು ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ.

ಇದು ಮುಕ್ತಾಯ ಹೌದೋ ಅಲ್ಲವೋ ತಿಳಿಯದೆ ಈಗಷ್ಟೇ ಫೋನ್ ಮಾಡಿದೆ. ಎತ್ತಿದರು.

“ಕಥೆ ಹೇಗೆ ಮುಗಿಸ್ಲಿ?”

“ತಡೀರಿ, ಬಾಯಲ್ಲಿ ತುತ್ತಿದೆ.”

ಅಗಿಯುವುದು ಕೇಳಿಸುತ್ತಿದೆ. ಕಾಯುತ್ತಿದ್ದೇನೆ.

ಇನ್ನೂ ಅಗಿಯುತ್ತಿದ್ದಾರೆ.